ಹುಲ್ಲು, ಮತ್ತು ಒಂದು ತುಂಡು ಬ್ರೆಡ್ಡು

ಯಜಮಾನಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಹಿಂಡನ್ನು ತಡೆಯುವ ಕರೆಂಟಿನ ತಂತಿ ತೆಗೆದಾಗಿತ್ತು. ಅಕ್ಕನ ತಮ್ಮ ಕರೆಂಟು ಆರಿಸಿ, ಗೂಟಗಳನ್ನು ಕಿತ್ತು, ತಂತಿಯನ್ನು ಸುರುಳಿ ಸುತ್ತಿ ಹೆಗಲಿಗೇರಿಸಿಕೊಂಡು ಪಕ್ಕಕ್ಕೆ ಸರಿದು ನಿಂತಿದ್ದ. ಆಚೆಗೆ ಮೊಣಕಾಲುದ್ದದ ಹೊಸ ಹುಲ್ಲು. ಈಚೆಗೆ ನಿನ್ನೆ ಮೇಯ್ದು ಬೋಳಾದ ಪಟ್ಟಿಯಲ್ಲಿ ಮೂವತ್ತಕ್ಕೂ ಮೇಲೆ ಹಸುಗಳು, ಒಂದರ ಬೆನ್ನಿಗೊಂದು ಒತ್ತಿಕೊಂಡು. ಎಲ್ಲಕ್ಕೂ ಮುಂದೆ ಯಜಮಾನಿ. ಹಿಂಡಿಗೆಲ್ಲ ಹಿರಿಯಳು, ಒಂದು ಕೊಂಬು ಮುರಿದವಳು, ನಡೆಯುವಾಗ ಸೊಂಟ ಎಡಕ್ಕೆ ವಾಲಿಸುವವಳು. ತಂತಿ ಎಲ್ಲಿತ್ತೋ ಅಲ್ಲಿಗೆ ಸರಿಯಾಗಿ ಮುಂಗಾಲು ಊರಿ ನಿಂತಿದ್ದಳು. ಅವಳು ದಾಟದೆ ಮಿಕ್ಕವು ದಾಟುವುದಿಲ್ಲ. ಆ ಹಿಂಡಿನಲ್ಲಿ ಅವಳಿಗೆ ಎದುರಾಡುವ ಹಸು ಇನ್ನೂ ಹುಟ್ಟಿಲ್ಲ.

"ಬಾರೇ ತಾಯಿ" ಅಂದ ಅಪ್ಪ. ದನಿ ಯಾಕೋ ಸಣ್ಣಗಿತ್ತು.

ಯಜಮಾನಿ ಕತ್ತು ಚಾಚಿ ಅಪ್ಪನ ಅಂಗಿಯ ಎಡಮಗ್ಗುಲು ಮೂಸಿದಳು. ಬಲಮಗ್ಗುಲು ಮೂಸಿದಳು. ಮತ್ತೆ ಎಡಕ್ಕೆ ಬಂದು ಮೂತಿಯಿಂದ ಒಂದು ಗುದ್ದು ಕೊಟ್ಟಳು. ಹೊಸ ಅಂಗಿ, ಇಸ್ತ್ರಿಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಅದರ ಮೇಲೆ ಉದ್ದಕ್ಕೆ ಜೊಲ್ಲು ಇಳಿಯಿತು.

ಬೇಲಿಯ ಹತ್ತಿರ ಮುದ್ರೆ ಮೇಡಂ ನಿಂತು ನೋಡುತ್ತಿದ್ದರು. ಈ ಮನೆಯ ಬೆಣ್ಣೆ ಡಬ್ಬಿಯ ಮೇಲೆ "ಸಾವಯವ, ಬರೀ ಹುಲ್ಲು ಮೇಯ್ದ ಹಸುವಿನದು" ಅಂತ ಹಸಿರು ಮುದ್ರೆ ಬೀಳುವುದು ಇವರ ಸಂಸ್ಥೆಯಿಂದ. ವರ್ಷಕ್ಕೊಮ್ಮೆ ಬಂದು ಕೊಟ್ಟಿಗೆ, ಹೊಲ, ನೀರಿನ ತೊಟ್ಟಿ ಎಲ್ಲ ನೋಡಿ ಹೋಗುತ್ತಾರೆ. ಕಾಲಿಗೆ ಈ ಮನೆಯ ಸೊಸೆಯ ಗಮ್‌ಬೂಟು, ಎರಡು ಅಳತೆ ದೊಡ್ಡದು. ನಿಂತಲ್ಲೇ ಒಳಗೆ ಕಾಲು ಜಾರುತ್ತಿತ್ತು.

ಮೇಡಂ ಪಕ್ಕದಲ್ಲಿ ಅಕ್ಕ, ಅಪ್ಪನ ಹಿರಿಮಗಳು. ಈ ಫಾರಮ್ಮಿನಲ್ಲಿ ಅಪ್ಪ ಹಿಂಡು ನೋಡಿಕೊಳ್ಳುತ್ತಾನೆ, ತಮ್ಮ ತಂತಿ ಪಂಪು ಯಂತ್ರ ಅಂತ ಓಡಾಡುತ್ತಾನೆ, ತಮ್ಮನ ಹೆಂಡತಿ ಬೆಣ್ಣೆ ತೆಗೆದು ಮಾರುತ್ತಾಳೆ. ಅಕ್ಕ ಇವರೆಲ್ಲರ ತಲೆಯ ಮೇಲೆ ಕೂತಿದ್ದಾಳೆ. ಹಾಗಂತ ತಮ್ಮ ಹೇಳುತ್ತಾನೆ, ಅವಳಿಗೆ ಕೇಳಿಸದ ಹಾಗೆ. ಅಕ್ಕ ಮದುವೆಯಾಗಿದ್ದರೆ ಗಂಡನ ಕುತ್ತಿಗೆಗೂ ಒಂದು ಬೋರ್ಡು ಬರೆದು ನೇತುಹಾಕುತ್ತಿದ್ದಳು ಅನ್ನುವುದೂ ಅವನದೇ ಮಾತು.

ಬೋರ್ಡಿನ ಮಾತು ಸುಮ್ಮನೆ ಬಂದದ್ದಲ್ಲ. ಹಿಂದೆ ಇದೇ ಹಸುಗಳಿಗೆ ಮೂಟೆ ಮೂಟೆ ಹಿಂಡಿ ಬೂಸಾ ಬೀಳುತ್ತಿತ್ತು. ಒಂದು ದಿನ ಅಕ್ಕ ಎಲ್ಲ ನಿಲ್ಲಿಸಿದಳು. ಹಸು ಹುಲ್ಲು ತಿನ್ನೋ ಪ್ರಾಣಿ, ಹುಲ್ಲೇ ತಿನ್ನಲಿ ಅಂದಳು. ಹಿಂಡಿ ವ್ಯಾಪಾರಿ ಬಾಗಿಲಲ್ಲೇ ನಿಂತು ನಕ್ಕ. "ಮಳೆ ನಿಂತ ಮೇಲೆ ನೀನಾಗಿಯೇ ನನ್ನ ಅಂಗಡಿಗೆ ಬರ್ತೀಯ, ನೋಡ್ತಿರು" ಅಂದ. ಅಕ್ಕ ಅವತ್ತೇ ಸಂಜೆ ಒಂದು ಹಲಗೆಗೆ ಕಪ್ಪು ಬಳಿದು, ಬಿಳಿ ಬಣ್ಣದಲ್ಲಿ ತೋಳುದ್ದದ ಅಕ್ಷರ ಬರೆದು, ಅವನ ಗಾಡಿ ದಿನಾ ಹಾಯುವ ರಸ್ತೆಗೆ ಮುಖಮಾಡಿ ಗೇಟಿಗೆ ಬಡಿದಳು: ಹುಲ್ಲು ಮಾತ್ರ. ಮಳೆಗಾಲ ಹೋಗಿ ಮಳೆಗಾಲ ಬಂತು, ಅವಳು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಪ್ರತಿ ವರ್ಷ ಅಕ್ಷರಗಳಿಗೆ ಹೊಸ ಬಣ್ಣ ಮಾತ್ರ ಹಚ್ಚಿದಳು.

ಆ ಎರಡು ಪದಗಳ ವಿಷಯದಲ್ಲಿ ಅವಳು ಯಾರ ಮುಖವನ್ನೂ ನೋಡುವವಳಲ್ಲ. ಹೋದ ವರ್ಷ ಹಾಲಿಗೆ ಬಂದಿದ್ದ ಟೈಲರಮ್ಮನ ಪುಟ್ಟ ಮಗಳು ಬೇಲಿಯ ಸಂದಿಯಿಂದ ಒಂದು ಕರುವಿಗೆ ಬಿಸ್ಕತ್ತು ಕೊಡಲು ಕೈ ಚಾಚಿದಾಗ ಅಕ್ಕ ಓಡಿಹೋಗಿ ಕಿತ್ತುಕೊಂಡಿದ್ದಳು. "ಓದೋಕೆ ಬರಲ್ವಾ? ಏನು ಬರೆದಿದೆ ಅಲ್ಲಿ?" ಅಂತ ಹತ್ತು ಜನರೆದುರು ಗದರಿದ್ದಳು. ಮಗು ಇನ್ನೂ ಶಾಲೆಗೇ ಸೇರಿರಲಿಲ್ಲ. ಅವತ್ತಿನಿಂದ ಟೈಲರಮ್ಮ ಈ ಗೇಟಿನ ಕಡೆ ತಲೆ ಹಾಕಿಲ್ಲ.

ಇಂಥ ಅಕ್ಕ ಈಗ ಮೇಡಂ ಪಕ್ಕ ನಿಂತು, ತನ್ನ ಹಿಂಡು ಗೆರೆ ದಾಟುವ ಚಂದ ತೋರಿಸಲಿಕ್ಕೆ ಕರೆತಂದವಳು, ತಾನೇ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ದಿನಾ ಈ ಹೊತ್ತಿಗೆ ಅವಳು ಹಾಲಿನ ಕೋಣೆಯಲ್ಲಿ ಕೆನೆ ತೆಗೆಯುವ ಯಂತ್ರದ ಮುಂದೆ ಇರುತ್ತಾಳೆ. ಹಸುಗಳು ಹೊಸ ಪಟ್ಟಿಗೆ ನಡೆಯುವುದನ್ನು ನೋಡದೆ ವರ್ಷಗಳೇ ಆಗಿದ್ದವು.

"ಅದೇನು ಹುಡುಕ್ತಾ ಇದೆ?" ಅಂತ ಕೇಳಿದರು ಮೇಡಂ.

ಅಪ್ಪ ಹಸುವಿನ ಹಣೆ ಕೆರೆಯುತ್ತ ನಿಂತ. ಸೊಸೆ ನೆಲ ನೋಡಿದಳು. ಕೊನೆಗೆ ತಮ್ಮ ಹೆಗಲ ಮೇಲಿನ ತಂತಿ ಸರಿಮಾಡಿಕೊಂಡು, "ಉಪ್ಪು ಮೇಡಂ. ಅಪ್ಪ ಆಗಾಗ ಒಂದು ಹರಳು ಉಪ್ಪು ಕೊಡ್ತಾರೆ" ಅಂದ.

"ಓ, ಉಪ್ಪಾ" ಅಂದರು ಮೇಡಂ. ಉಪ್ಪಿಗೆ ಅವರ ನಿಯಮದಲ್ಲಿ ಅಡ್ಡಿಯಿಲ್ಲ. ಪೆನ್ನು ಮುಚ್ಚಿ ಜೇಬಿಗಿಡುವವರಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಡುವ ಜಾಯಮಾನವಾದರೆ ಅವಳು ಅಕ್ಕ ಹೇಗಾದಾಳು?

"ಉಪ್ಪಿನ ಗಡ್ಡೆ ತೊಟ್ಟಿ ಹತ್ರ ನೇತು ಹಾಕಿದೀವಿ. ಬೇಕಾದವು ಹೋಗಿ ನೆಕ್ಕುತ್ತವೆ. ಜೇಬಲ್ಲಿ ಉಪ್ಪು ಇಟ್ಕೊಂಡು ತಿರುಗೋರನ್ನ ನಾನು ಕಂಡಿಲ್ಲ" ಅಂದಳು. "ಏನಪ್ಪಾ ಅದು? ಏನು ಕೊಡ್ತೀಯ ಅವಳಿಗೆ?"

ಅಪ್ಪ ಮಗಳ ಮುಖ ನೋಡಿದ. ತಪ್ಪು ಮಾಡಿದವನ ನೋಟವಲ್ಲ ಅದು. ಇನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ ಅನ್ನುವವನ ಹಾಗಿದ್ದ.

"ಬ್ರೆಡ್ಡು" ಅಂದ. "ಒಂದು ತುಂಡು. ದಿನಾ."

"ಯಾವಾಗಿಂದ?"

"ನಿನ್ನ ಬೋರ್ಡಿನ ಬಣ್ಣ ಒಣಗೋಕೆ ಮುಂಚೆಯಿಂದ."

ಹಿಂದೆ ನಿಂತಿದ್ದ ಹಸುವೊಂದು ಹಸಿವಿಗೆ ಕೂಗಿತು. ಅದರ ಬೆನ್ನಿಗೆ ಇನ್ನೊಂದು. ಅಪ್ಪ ಸೊಸೆಯ ಕಡೆ ತಿರುಗಿ, "ಪಾಪ ಹಸಿದು ನಿಂತಿವೆ. ಹೋಗಮ್ಮ, ತಗೊಂಡು ಬಾ" ಅಂದ. ಸೊಸೆ ಒಮ್ಮೆ ಅತ್ತಿಗೆಯ ಮುಖ ನೋಡಿದಳು, ಒಮ್ಮೆ ಮೇಡಂ ಮುಖ ನೋಡಿದಳು, ಆಮೇಲೆ ಮನೆಯ ಕಡೆ ಓಡಿದಳು. ಹೋದಷ್ಟೇ ಬೇಗ ಬಂದಳು. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಬ್ರೆಡ್ಡಿನ ಅಂಚು. ಈಗ ಕತ್ತರಿಸಿದ್ದಲ್ಲ ಅದು. ದಿನಾ ಬೆಳಿಗ್ಗೆ ಹಾಗೆ ಸುತ್ತಿಡುವ ಅಭ್ಯಾಸವಿದ್ದವರು ಸುತ್ತಿಟ್ಟದ್ದು. ಅಕ್ಕನ ಕಣ್ಣು ಆ ಬಟ್ಟೆಯ ಮೇಲೆಯೇ ನಿಂತುಬಿಟ್ಟಿತು. ತನ್ನದೇ ಹಾಲಿನ ಕೋಣೆಯಲ್ಲಿ ಕೆನೆ ಸೋಸುವ ಬಟ್ಟೆ.

ಯಜಮಾನಿ ಬ್ರೆಡ್ಡು ಬಾಯಿಗೆ ಹಾಕಿಕೊಂಡು, ಏನೂ ಆಗಲೇ ಇಲ್ಲ ಅನ್ನುವಂತೆ, ಸೊಂಟ ಎಡಕ್ಕೆ ವಾಲಿಸುತ್ತ ಗೆರೆ ದಾಟಿದಳು. ಹಿಂದೆಯೇ ಹಿಂಡೆಲ್ಲ ದಡಬಡ ನುಗ್ಗಿತು. ಒಂದೇ ನಿಮಿಷ, ಎಲ್ಲ ತಲೆಗಳೂ ಹುಲ್ಲಿನೊಳಗೆ. ಎಲ್ಲೆಲ್ಲೂ ಪರಪರ ಹರಿಯುವ ಸದ್ದು.

ಮೇಡಂ ಅಕ್ಕನನ್ನು ಪಕ್ಕಕ್ಕೆ ಕರೆದರು. ಕೆಟ್ಟವರೇನಲ್ಲ ಆಕೆ. "ನೋಡಿ, ಉಪ್ಪು ಅಂತ ಬರ್ಕೊಂಡು ಹೋಗ್ತೀನಿ. ಇನ್ಮೇಲೆ ನಿಲ್ಲಿಸಿಬಿಡಿ. ಒಂದು ತುಂಡು ಬ್ರೆಡ್ಡಿಗೆ ಯಾರು ಏನು ಕಳ್ಕೋತಾರೆ?" ಅಂದರು.

"ಬ್ರೆಡ್ಡು ಅಂತಲೇ ಬರ್ಕೊಳ್ಳಿ."

"ಬರ್ಕೊಂಡ್ರೆ ಆಮೇಲೆ ನನ್ನ ಕೈಯಲ್ಲಿ ಏನೂ ಇರಲ್ಲ. ಆ ಹಸು ಈ ಫಾರಮ್ಮಿಂದ ಹೊರಗೆ ಹೋಗಬೇಕು. ಇಲ್ಲ, ಮುದ್ರೆ ಹೋಗಬೇಕು. ಎರಡರಲ್ಲಿ ಒಂದು."

"ಗೊತ್ತು ಮೇಡಂ. ಆ ನಿಯಮ ಬೇಕು ಅಂತ ಹೋದ ಸಲ ನಿಮ್ಮ ಆಫೀಸಲ್ಲಿ ಮೇಜು ಗುದ್ದಿ ಮಾತಾಡಿದವಳು ನಾನೇ. ಈಗ ನನ್ನ ಮನೇದು ಅಂತ ಉಪ್ಪು ಮಾಡೋಕಾಗಲ್ಲ."

ಮೇಡಂ ಉಸಿರು ಬಿಟ್ಟು, ಬರೆದುಕೊಂಡು, ನಾಳೆ ಹೊತ್ತಿಗೆ ಯಾವುದು ಅಂತ ಫೋನು ಮಾಡಿ ತಿಳಿಸಿ ಅಂದು, ಬೂಟು ಬಿಚ್ಚಿಟ್ಟು ಹೊರಟರು.

ಈ ಮನೆಯಲ್ಲಿ ಯಾವುದೇ ತೀರ್ಮಾನ ಆಗುವುದು ಹಾಲಿನ ಕ್ಯಾನು ತೊಳೆಯುವಾಗ. ಯಾರೂ ಕೂತು ಮಾಡಿದ ನಿಯಮವಲ್ಲ. ನಾಲ್ಕೂ ಜನ ಒಂದೇ ಜಾಗದಲ್ಲಿ ಸಿಗುವುದು ಆಗ ಮಾತ್ರ, ಮತ್ತು ಕೈ ಸೋಪಿನಲ್ಲಿ ಇರುವಾಗ ಯಾರೂ ಸಿಟ್ಟು ಮಾಡಿಕೊಂಡು ಎದ್ದುಹೋಗುವ ಹಾಗಿಲ್ಲ. ಅಕ್ಕ ಬ್ರಷ್ಷು ಹಾಕುತ್ತಾಳೆ, ತಮ್ಮ ಬಿಸಿನೀರು ಸುರಿಯುತ್ತಾನೆ, ಸೊಸೆ ಬೋರಲು ಹಾಕುತ್ತಾಳೆ, ಅಪ್ಪ ಸ್ಟೂಲಿನ ಮೇಲೆ ಕೂತು ಮುಚ್ಚಳದ ರಬ್ಬರ್ ಬಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಬಿರುಕು ಬಿಟ್ಟಿವೆಯೇ ಅಂತ ನೋಡುತ್ತಾನೆ. ಆ ಮಧ್ಯಾಹ್ನ ಅಕ್ಕ ಬ್ರಷ್ಷು ಹಾಕಿದ ಹೊಡೆತಕ್ಕೆ ಕ್ಯಾನು ತೂತಾಗಲಿಲ್ಲ ಅನ್ನುವುದೇ ದೊಡ್ಡದು.

"ಎಲ್ಲ ನನ್ನ ತಪ್ಪು" ಅಂದಳು ಸೊಸೆ. "ಮೇಡಂ ಬರ್ತಾರೆ, ಮಾವ ಆ ಹಳೇ ಕೋಟಲ್ಲಿ ನಿಂತ್ರೆ ಚೆನ್ನಾಗಿರಲ್ಲ ಅಂತ ಒಗೆಯೋಕೆ ಹಾಕ್ದೆ. ಹೊಸ ಅಂಗಿ ಕೊಟ್ಟೆ. ಅದಕ್ಕೆ ಜೇಬೇ ಇಲ್ಲ."

"ಆಹಾ! ಕೋಟು ಒಗೆದದ್ದು ತಪ್ಪಂತೆ!" ಅಂದಳು ಅಕ್ಕ.

ತಮ್ಮ ನೀರು ಸುರಿದ. "ಅಕ್ಕಾ, ಸಿಟ್ಟು ಆಮೇಲೆ ಮಾಡ್ಕೋ. ಈಗ ಯೋಚನೆ ಮಾಡು. ಯಜಮಾನಿ ಹಾಲು ಕೊಡೋದು ನಿಲ್ಲಿಸಿ ಎಷ್ಟು ಕಾಲ ಆಯ್ತು? ಯಾರಾದ್ರೂ ಒಳ್ಳೆಯೋರಿಗೆ ಕೊಡೋಣ. ನಾನೇ ಹೋಗಿ ಬಿಟ್ಟು ಬರ್ತೀನಿ. ಮುದ್ರೆ ಇಲ್ದೆ ಪೇಟೆ ಅಂಗಡಿಯವನು ನಮ್ಮ ಬೆಣ್ಣೆ ಕೈಯಲ್ಲಿ ಮುಟ್ಟಲ್ಲ, ನಿಂಗೂ ಗೊತ್ತು. ಅರ್ಧಕ್ಕರ್ಧ ಬೆಣ್ಣೆ ಅವನೇ ತಗೊಳ್ಳೋದು."

"ನಾಳೆಯಿಂದ ಹಿಂಡು ಯಾರು ನಡೆಸ್ತಾರೆ? ನೀನಾ?" ಅಂದ ಅಪ್ಪ, ರಬ್ಬರ್ ಬಳೆಯಿಂದ ಕಣ್ಣು ತೆಗೆಯದೆ.

"ಬೇರೆ ಹಸು ಕಲೀತದೆ."

"ನೀನು ಮರ್ತಿದೀಯ. ಮೊದಲನೇ ವರ್ಷ ತಂತಿ ತಂದು ಕಟ್ಟಿದೆಯಲ್ಲ, ಎಲ್ಲವೂ ಒಂದೊಂದು ಸಲ ಮೂತಿ ತಾಗಿಸಿ ಶಾಕ್ ಹೊಡೆಸ್ಕೊಂಡ್ವು. ಆಮೇಲೆ ತಂತಿ ತೆಗೆದ್ರೂ ಆ ಜಾಗ ದಾಟಲ್ಲ ಅಂದ್ವು. ಕಣ್ಣೆದುರು ಹುಲ್ಲು ಇದೆ, ತಂತಿ ಇಲ್ಲ, ಆದ್ರೂ ಹೆದರ್ಕೊಂಡು ಈಚೆಗೆ ನಿಂತು ಕೂಗ್ತಿದ್ವು. ನೀನು ಕೋಲು ತಗೊಂಡೆ. ಇನ್ನೂ ಹೆದರಿದ್ವು. ಇವಳಂತೂ ಹಾಲಿನ ಕೋಣೇಲಿ ಕೂತು, ಹಾಲು ಇಳೀತಿದೆ, ಹಿಂಡಿಯವನು ಹೇಳಿದ್ದೇ ನಿಜ ಆಗ್ತಿದೆ ಅಂತ ಅಳ್ತಿದ್ಳು."

"ನಾನೇನೂ ಅಳ್ಲಿಲ್ಲ" ಅಂದಳು ಅಕ್ಕ.

"ಅಳ್ತಿದ್ದೆ. ನಾನು ನೋಡಿದೀನಿ. ಮಾರನೇ ಬೆಳಿಗ್ಗೆ ನನ್ನ ತಿಂಡಿಯ ಬ್ರೆಡ್ಡು ಜೇಬಲ್ಲಿತ್ತು. ಗೆರೆಯ ಆಚೆ ನಿಂತು ಯಜಮಾನಿಗೆ ತೋರಿಸಿದೆ. ಅವಳು ಹೆದರ್ಕೊಂಡೇ ಒಂದು ಕಾಲು ಇಟ್ಳು. ಏನೂ ಆಗಲಿಲ್ಲ. ಇನ್ನೊಂದು ಇಟ್ಳು. ಅಷ್ಟೇ, ಎಲ್ಲ ಬಂದ್ವು." ಅಪ್ಪ ಬಳೆಯನ್ನು ಬಕೆಟ್ಟಿಗೆ ಹಾಕಿದ. "ಆ ಒಂದು ತುಂಡು ಬ್ರೆಡ್ಡು ಇಲ್ದಿದ್ರೆ ನಿನ್ನ ಹುಲ್ಲೂ ಇಲ್ಲ, ಬೋರ್ಡೂ ಇಲ್ಲ ಮಗಳೇ."

ಅಕ್ಕನ ಕೈ ಕ್ಯಾನಿನೊಳಗೇ ನಿಂತಿತು.

"ನಿಂಗೆ ಗೊತ್ತಿತ್ತಾ?" ಅಂತ ತಮ್ಮನನ್ನು ಕೇಳಿದಳು. ತಮ್ಮ ಹೌದೆಂದು ತಲೆ ಆಡಿಸಿದ. ಸೊಸೆಯನ್ನು ಕೇಳುವ ಅಗತ್ಯವಿರಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಹುಲ್ಲು ಮಾತ್ರ, ಹುಲ್ಲು ಮಾತ್ರ ಅಂತ ನಾನು ಊರೆಲ್ಲ ತಮಟೆ ಬಾರಿಸ್ಕೊಂಡು ಬಂದೆ, ನೀವು ಮೂರು ಜನ ಹಿಂದಿಂದ ನಗ್ತಾ ಇದ್ರಿ."

"ಯಾರು ನಕ್ರು? ಭಯ ಆಗ್ತಿತ್ತು" ಅಂದಳು ಸೊಸೆ. ಒಂದು ಸಲ ಬಾಯಿ ತೆರೆದವಳಿಗೆ ತಡೆಯಲಾಗಲಿಲ್ಲ. "ಹೇಳೋಣ ಅಂತ ಎಷ್ಟೋ ಸಲ ಅಂದ್ಕೊಂಡೆ ಅತ್ತಿಗೆ. ಅಷ್ಟರಲ್ಲಿ ಆ ಮಗು ಕೈಯಿಂದ ಬಿಸ್ಕತ್ತು ಕಿತ್ಕೊಂಡ್ರಿ. ಅವತ್ತೂ ನನ್ನ ಸೆರಗಲ್ಲಿ ಮಾವನ ಬ್ರೆಡ್ಡು ಇತ್ತು. ಅದನ್ನ ನೋಡಿದ ಮೇಲೆ ನಿಮಗೆ ಹೇಳೋ ಧೈರ್ಯ ಯಾರಿಗಿರುತ್ತೆ?"

ಇದು ಮುಖಕ್ಕೆ ಹೊಡೆದ ಹಾಗಿತ್ತು. ಅಕ್ಕನಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು. ತನ್ನ ಮನೆಯಲ್ಲಿ ತನಗೆ ಹೆದರಿ ಬ್ರೆಡ್ಡು ಸುತ್ತಿ ಬಚ್ಚಿಡುತ್ತಾರೆ! ಹಿಂಡಿಯವನಿಗೆ ತಲೆ ಬಾಗಿಸದವಳು, ನೆರೆಹೊರೆಯವರ ನಗುವಿಗೆ ಜಗ್ಗದವಳು, ಸ್ವಂತ ಅಪ್ಪ ಹೆದರುವಂಥವಳಾಗಿಬಿಟ್ಟಿದ್ದಳು. ಬಾಗಿ ಮತ್ತೆ ಬ್ರಷ್ಷು ಹಾಕಿದಳು. ಆ ಕ್ಯಾನು ಮೊದಲೇ ಬೆಳ್ಳಗಾಗಿತ್ತು.

"ಇನ್ಮೇಲೆ ಕೊಡಲ್ಲ" ಅಂದ ಅಪ್ಪ. "ನನ್ನಿಂದ ನಿನ್ನ ಮಾತು ಸುಳ್ಳಾಗೋದು ಬೇಡ. ಯಜಮಾನಿ ಹೋಗ್ಲಿ ಅಂದ್ರೆ ಹೋಗ್ಲಿ. ಎಲ್ಲಿಗೆ ಹೋಗ್ತಾಳೋ ಅಲ್ಲಿಗೆ ನಾನೂ ಹೋಗಿ ನಾಲ್ಕು ದಿನ ಇದ್ದು ಬರ್ತೀನಿ."

"ನಾಲ್ಕು ದಿನ ಯಾಕೆ, ಅಲ್ಲೇ ಮನೆ ಮಾಡು" ಅಂದಳು ಅಕ್ಕ. "ಯಾರೂ ಎಲ್ಲಿಗೂ ಹೋಗಲ್ಲ. ಹೋಗೋದು ಮುದ್ರೆ."

ತಮ್ಮ ನೀರಿನ ಕೊಳವೆಯನ್ನು ಕೆಳಗಿಟ್ಟ. ಈ ಮನೆಯಲ್ಲಿ ಒಪ್ಪಿಗೆಯಿಲ್ಲ ಅನ್ನುವುದಕ್ಕೆ ಅದೇ ಗುರುತು. ಬಿಸಿನೀರು ಸುಮ್ಮನೆ ಮೋರಿಗೆ ಹರಿಯಿತು. "ಪೇಟೆ ಅಂಗಡಿ ಕೈತಪ್ಪುತ್ತೆ ಅಕ್ಕಾ. ನಿನ್ನ ಹಠಕ್ಕೆ ಇವಳು ತೆಗೆದ ಬೆಣ್ಣೆ ಏನು ಮಾಡೋದು?"

"ನಾನು ತೆಗೆದ ಬೆಣ್ಣೆ ನಾನು ಮಾರ್ತೀನಿ" ಅಂದಳು ಸೊಸೆ. "ಮನೆ ಮನೆಗೆ ಹೊತ್ಕೊಂಡು ಹೋಗಿ ಮಾರ್ತೀನಿ. ನೀವು ನೀರು ಸುರೀರಿ, ಸುಮ್ನೆ ಪೋಲಾಗ್ತಿದೆ."

ತಮ್ಮ ಹೆಂಡತಿಯನ್ನು ನೋಡಿದ, ಅಕ್ಕನನ್ನು ನೋಡಿದ. "ಹುಚ್ಚರ ಸಂತೆ" ಅಂದು ಕೊಳವೆ ಎತ್ತಿಕೊಂಡ.

ಅಕ್ಕ ಕೈ ಒರೆಸಿಕೊಂಡು ಮುದ್ರೆ ಮೇಡಂಗೆ ಫೋನು ಮಾಡಿದಳು. ನಾಳೆಯವರೆಗೆ ಕಾಯುವ ಗೋಜಿಗೇ ಹೋಗಲಿಲ್ಲ. ಆಮೇಲೆ ಗೇಟಿನ ಬೋರ್ಡು ಕಿತ್ತು ತಂದು ಕೊಟ್ಟಿಗೆಯ ಮುಂದೆ ಮಲಗಿಸಿ, ಕಪ್ಪು ಬಣ್ಣದ ಡಬ್ಬಿ ತೆಗೆದಳು. "ಮಾತ್ರ" ಅನ್ನುವುದರ ಮೇಲೆ ಬಳಿಯುವಾಗ ಕೈ ಒಂದು ಗಳಿಗೆ ತಡೆಯಿತು. ಎಷ್ಟು ಸಲ ತಿದ್ದಿದ ಅಕ್ಷರ ಅದು! ಬಣ್ಣದ ಮೇಲೆ ಬಣ್ಣ ಕೂತು, ಬೆರಳಿಗೆ ತಾಗುವಷ್ಟು ದಪ್ಪ ಆಗಿತ್ತು. ಬಳಿದಳು.

ಸಂಜೆ ಅಪ್ಪನ ಹೊಸ ಅಂಗಿ ತೆಗೆದುಕೊಂಡು ಪೇಟೆಗೆ ಹೋದಳು. ಟೈಲರಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆ ಹಿಡಿದಿದ್ದಳು. ಅಕ್ಕನನ್ನು ನೋಡಿ ಹುಬ್ಬು ಎತ್ತಿದಳೇ ಹೊರತು ಬಾ ಅನ್ನಲಿಲ್ಲ.

"ಇದಕ್ಕೊಂದು ಜೇಬು ಇಡಬೇಕಿತ್ತು. ಎಡಗಡೆ."

"ಎಷ್ಟು ದೊಡ್ಡದು?" ಪಿನ್ನಿನ ಸಂದಿಯಿಂದ.

"ಒಂದು ತುಂಡು ಬ್ರೆಡ್ಡು ಹಿಡಿಸೋ ಅಷ್ಟು."

ಟೈಲರಮ್ಮ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಹಲಗೆಯ ಮೇಲಿಟ್ಟಳು. ಅಕ್ಕ ನಿಂತಲ್ಲೇ ಎಲ್ಲ ಹೇಳಿದಳು. ಯಜಮಾನಿ ಅನ್ನುವ ಹಸು, ಗೆರೆ, ಅಪ್ಪನ ಜೇಬು, ಸೊಸೆಯ ಸೆರಗು. "ನಿಮ್ಮ ಮಗಳನ್ನ ಗದರಿದ ದಿನವೂ ನಮ್ಮ ಮನೇಲಿ ಬ್ರೆಡ್ಡು ನಡೀತಾ ಇತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ರೂ ಇಲ್ದಿದ್ರೂ ಮಗುವನ್ನ ಹಾಗೆ ಗದರಬಾರದಿತ್ತು."

ಟೈಲರಮ್ಮ ಅಂಗಿಯ ಅಂಚಿನಿಂದ ಒಂದಿಷ್ಟು ಬಟ್ಟೆ ಬಿಡಿಸಿ, ಕತ್ತರಿಸಿ, ಮಷೀನಿಗೆ ಹಾಕಿದಳು. ಜೇಬು ಹೊಲಿದು, ದಾರ ಹಲ್ಲಿನಲ್ಲಿ ಕಡಿದು, ಮಡಚಿ ಕೊಟ್ಟಳು.

"ಬಿಸ್ಕತ್ತಿಗೂ ಒಂದು ಜೇಬು ಬೇಡ್ವಾ?" ಅಂದಳು.

ಅಕ್ಕ ಹೊಲಿಗೆಯ ದುಡ್ಡು ಹಲಗೆಯ ಮೇಲಿಟ್ಟು, ಅಂಗಿ ಕಂಕುಳಿಗಿಟ್ಟುಕೊಂಡು ಹೊರಟಳು.

ಮರುದಿನ ಗೇಟಿನಲ್ಲಿ ಹಾಲು ಬೆಣ್ಣೆ ಮಾರುವ ದಿನ. ಬಾಟಲಿ ಹಿಡಿದು ಬಂದವರೆಲ್ಲ ಗೇಟಿನ ಹೊರಗೇ ನಿಂತು ತಲೆಯೆತ್ತಿ ಓದುತ್ತಿದ್ದರು. ಕಪ್ಪು ಹಲಗೆಯ ಮೇಲೆ, ಮೊದಲಿಗಿಂತ ಸಣ್ಣ ಅಕ್ಷರದಲ್ಲಿ, ಜಾಗ ಸಾಲದೆ ಕೊನೆಯ ಸಾಲು ಒತ್ತಿಕೊಂಡಿತ್ತು: "ಹುಲ್ಲು. ಅದರ ಜೊತೆಗೆ ಒಂದೇ ಒಂದು ಹಸುವಿಗೆ, ದಿನಕ್ಕೊಂದು ತುಂಡು ಬ್ರೆಡ್ಡು. ಹಸಿರು ಮುದ್ರೆ ಇಲ್ಲ. ಬೇಕಾದವರು ತಗೊಳ್ಳಿ, ಬೇಡದವರು ಮುಂದೆ ಹೋಗಿ."

"ಕೊನೇ ಮಾತು ಬೇಕಿರಲಿಲ್ಲ" ಅಂದ ತಮ್ಮ.

"ಬೇಕಿತ್ತು" ಅಂದಳು ಅಕ್ಕ.

ಪ್ರತಿ ಸಲ ಮೊಮ್ಮಕ್ಕಳಿಗೆ ಹಾಲು ಒಯ್ಯುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಎರಡು ಸಲ ಓದಿ, ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, "ಇಷ್ಟು ದಿನ ನಂಬಿದ್ವಲ್ಲಮ್ಮ" ಅಂದು ಹೊರಟುಹೋದರು. ಅದು ಅಕ್ಕನಿಗೆ ಚುಚ್ಚಿತು. ಹಿಂದೆಯೇ ಹೋಗಿ ಏನಾದರೂ ಹೇಳೋಣ ಅನ್ನಿಸಿತು. ಹೇಳುವುದೇನಿತ್ತು, ಅವರು ಅಂದದ್ದು ನಿಜ. ಇನ್ನಿಬ್ಬರು ಅವರ ಹಿಂದೆಯೇ ಹೊರಟರು. ಮಿಕ್ಕವರಲ್ಲಿ ಕೆಲವರು ನಕ್ಕರು, ಕೆಲವರು ಯಾವ ಹಸು ತೋರಿಸಿ ಅಂದರು. ದಪ್ಪ ಹೆಂಗಸೊಬ್ಬಳು, "ನನ್ನ ಗಂಡ ಸಕ್ಕರೆ ಬಿಟ್ಟಿದೀನಿ ಅಂತ ಹತ್ತು ವರ್ಷದಿಂದ ಹೇಳ್ತಿದಾನೆ, ಅವನಿಗೂ ಇಂಥ ಬೋರ್ಡು ಬರೆಸಬೇಕು" ಅಂದು ಎರಡು ಡಬ್ಬಿ ಬೆಣ್ಣೆ ತೆಗೆದುಕೊಂಡಳು. ಟೈಲರಮ್ಮ ಬರಲಿಲ್ಲ.

ಅಷ್ಟರಲ್ಲಿ ಹಿಂಡಿ ವ್ಯಾಪಾರಿಯ ಗಾಡಿ ಬಂತು. ದಿನಾ ಹೊಗೆಯುಗುಳಿಕೊಂಡು ಹೋಗುವ ಗಾಡಿ ಇವತ್ತು ನಿಂತಿತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಸಾವಕಾಶವಾಗಿ, ಒಂದೊಂದೇ ಪದ ಗಟ್ಟಿಯಾಗಿ ಓದಿದ.

"ಏನಮ್ಮ, ಕೊನೆಗೂ ಹುಲ್ಲು ಸಾಕಾಗಲಿಲ್ಲ ಅನ್ನು!"

"ಹುಲ್ಲು ಧಾರಾಳ ಸಾಕಾಯ್ತು" ಅಂದಳು ಅಕ್ಕ. "ಹುಲ್ಲಿನ ತನಕ ನಡೆಸ್ಕೊಂಡು ಹೋಗೋಕೆ ನಮ್ಮಪ್ಪ ಬೇಕಾಯ್ತು. ನಿನ್ನ ಮೂಟೇಲಿ ಅದು ಸಿಗಲ್ಲ. ಗಾಡಿ ಮುಂದೆ ತಗೋ, ಗಿರಾಕಿಗಳಿಗೆ ದಾರಿ ಇಲ್ಲ."

ಅವನು ಗಾಡಿ ಒಂದು ಮಾರು ಮುಂದೆ ತೆಗೆದುಕೊಂಡ. ಹೋಗಲಿಲ್ಲ. ಯಾಕೆಂದರೆ ಆಗಲೇ ಹೊಲದ ಕಡೆಯಿಂದ ಹಸುಗಳ ಕೂಗು ಶುರುವಾಗಿತ್ತು, ಒಂದಲ್ಲ ಎರಡಲ್ಲ, ಹಿಂಡಿಗೆ ಹಿಂಡೇ ಬೊಬ್ಬೆ ಹೊಡೆಯುತ್ತಿತ್ತು. ಗೇಟಿನಲ್ಲಿದ್ದವರೆಲ್ಲ ಆ ಕಡೆ ತಿರುಗಿದರು. ಅಕ್ಕ ಬೆಣ್ಣೆಯ ಮೇಜನ್ನು ಸೊಸೆಗೆ ಒಪ್ಪಿಸಿದಳು. ಸೊಸೆ ಕೇಳದೆಯೇ ಬಿಳಿ ಬಟ್ಟೆಯ ಗಂಟೊಂದನ್ನು ಅವಳ ಕೈಗಿಟ್ಟಳು. ಈ ಸಲ ಎಲ್ಲರೆದುರಿಗೆ.

ಹೊಲದಲ್ಲಿ ತಂತಿ ತೆಗೆದಾಗಿತ್ತು. ಯಜಮಾನಿ ಗೆರೆಗೆ ಕಾಲು ಊರಿ ನಿಂತಿದ್ದಳು. ಆಚೆ ಬದಿ ಅಪ್ಪ, ಜೇಬಿನ ಅಂಗಿ ತೊಟ್ಟು, ಎರಡೂ ಕೈ ಎದೆಗೆ ಕಟ್ಟಿ. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದರು. ಹಠದಲ್ಲಿ ಇಬ್ಬರೂ ಎತ್ತಿದ ಕೈ.

"ಏನಪ್ಪಾ ಇದು?"

"ಕೊಡಲ್ಲ ಅಂದಿದ್ನಲ್ಲ. ಕೊಡಲ್ಲ. ಕಲೀತಾಳೆ."

"ಅಲ್ಲಿ ಗೇಟಲ್ಲಿ ಬರೆದು ಹಾಕಿದೀನಿ, ದಿನಕ್ಕೊಂದು ತುಂಡು ಅಂತ. ಊರೆಲ್ಲ ಓದಿದೆ. ಹಳೇ ಬೋರ್ಡನ್ನ ಬ್ರೆಡ್ಡು ಕೊಟ್ಟು ಸುಳ್ಳು ಮಾಡ್ದೆ. ಇದನ್ನ ಕೊಡದೆ ಸುಳ್ಳು ಮಾಡ್ತೀಯಾ?"

ಅಪ್ಪನ ಮೀಸೆಯ ಕೆಳಗೆ ಏನೋ ಅಲುಗಾಡಿತು. "ನಿನ್ನ ಬೋರ್ಡು ತಾನೇ?" ಅಂದ. "ನೀನೇ ಕೊಡು."

ಅಕ್ಕ ಬೇಲಿಯ ಕಡೆ ನೋಡಿದಳು. ಗಿರಾಕಿಗಳು ಬಾಟಲಿ ಹಿಡಿದು ಸಾಲಾಗಿ ನಿಂತಿದ್ದರು. ಅವರ ಹಿಂದೆ ಹಿಂಡಿಯವನು ಗಾಡಿಯ ಮೆಟ್ಟಿಲ ಮೇಲೆ ಹತ್ತಿ ನಿಂತು ನೋಡುತ್ತಿದ್ದ. ನೋಡಲಿ, ಅಂದುಕೊಂಡಳು. ಎಲ್ಲರೂ ಕಣ್ಣು ತುಂಬ ನೋಡಲಿ. ಬಟ್ಟೆ ಬಿಚ್ಚಿ, ಬ್ರೆಡ್ಡನ್ನು ಎರಡು ಬೆರಳಲ್ಲಿ ಹಿಡಿದು ಮುಂದೆ ಚಾಚಿದಳು.

"ಹ್ಞೂಂ ಹ್ಞೂಂ, ಹಾಗಲ್ಲ. ಬೆರಳು ಹೋಗ್ತದೆ. ಅಂಗೈ ಬಿಚ್ಚಿ ಹಿಡಿ" ಅಂದ ಅಪ್ಪ.

ಅಕ್ಕ ಅಂಗೈ ಬಿಚ್ಚಿದಳು. ಯಜಮಾನಿ ಅವಳ ತೋಳು ಮೂಸಿದಳು, ಮುಖ ನೋಡಿದಳು, ಅಪ್ಪನ ಕಡೆ ಒಂದು ಸಲ ತಿರುಗಿದಳು. ಈ ಹೆಂಗಸಿಗೆ ಇಷ್ಟು ವರ್ಷದಲ್ಲಿ ಇದು ಗೊತ್ತಾದದ್ದು ಈಗ ಅನ್ನುವ ಹಾಗೆ. ಆಮೇಲೆ ಒರಟು ನಾಲಗೆ ಚಾಚಿ ಬ್ರೆಡ್ಡು ಎತ್ತಿಕೊಂಡು, ಒಂದು ಕಾಲು ಗೆರೆಯಾಚೆ ಇಟ್ಟಳು, ಇನ್ನೊಂದು ಇಟ್ಟಳು. ಹಿಂಡು ಅಕ್ಕನ ಎರಡೂ ಬದಿಯಿಂದ ನುಗ್ಗಿತು. ಬಿಸಿ ಬಿಸಿ ಹೊಟ್ಟೆಗಳು ಅವಳನ್ನು ಉಜ್ಜಿಕೊಂಡು ಹೋದವು. ಅವಳು ತಂತಿಯಿದ್ದ ಜಾಗದಲ್ಲಿ, ಕೈ ಚಾಚಿಕೊಂಡೇ ನಿಂತಿದ್ದಳು.

ಎಲ್ಲಕ್ಕಿಂತ ಹಿಂದೆ ಒಂದು ಎಳೆ ಕಡಸು. ಅದು ಮುಂದೆ ಹೋಗದೆ ನಿಂತು ಆ ಕೈಯನ್ನು ಮೂಸತೊಡಗಿತು.

"ನಿಂಗಿಲ್ಲ" ಅಂದಳು ಅಕ್ಕ. "ಒಂದೇ ಹಸು ಅಂತ ಬರೆದಿದೀನಿ."

ಕಡಸು ಖಾಲಿ ಅಂಗೈಯನ್ನು ಒಂದು ಸಲ, ಮತ್ತೊಂದು ಸಲ ನೆಕ್ಕಿತು. ಅಕ್ಕ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಅದೂ ಗೆರೆ ದಾಟಿ ಹುಲ್ಲಿಗೆ ಹೋಯಿತು.